ರುಚಿ ಸರಿ ಇದೆ

ಬಿಯರ್ ಮಾರಿ ಹೊಟ್ಟೆ ಹೊರೆದವನು ನಾನು. ಬಿಯರ್ ಕುಡಿಯದವನೂ ಹೌದು. ಇದನ್ನೇ ದೊಡ್ಡಸ್ತಿಕೆಯೆಂದು ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

ಹೈದರಾಬಾದು ಆಗ ಇಡೀ ಆಂಧ್ರಕ್ಕೆ ರಾಜಧಾನಿ. ಪಾನನಿಷೇಧ ತೆಗೆದು ಕೆಲವು ವರ್ಷಗಳಾಗಿದ್ದವು, ದೊಡ್ಡ ಹೋಟೆಲುಗಳು ಒಂದರ ಹಿಂದೊಂದು ಏಳುತ್ತಿದ್ದವು. ಯುರೋಪಿನ ಒಂದು ಬಿಯರ್ ಕಂಪನಿ ಇಲ್ಲಿ ಕಾಲೂರಲು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿತು. ಸಂದರ್ಶನದಲ್ಲಿ ‘ಕುಡಿಯುತ್ತೀರಾ?’ ಎಂದು ಕೇಳಿದರು. ‘ಗೆಳೆಯರು ಸೇರಿದಾಗ’ ಎಂದು ಸುಳ್ಳು ಹೇಳಿದೆ. ಮಲ್ಕಾಜ್‌ಗಿರಿಯ ಮನೆಯಲ್ಲಿ, ರೈಲ್ವೆ ಗುಮಾಸ್ತರಾಗಿ ನಿವೃತ್ತರಾಗಿದ್ದ ಅಪ್ಪನಿಗೆ ‘ಫಾರಿನ್ ಪಾನೀಯದ ಕಂಪನಿ’ ಎಂದೆ. ಅವರು ಹಣ್ಣಿನ ರಸವೆಂದು ತಿಳಿದುಕೊಂಡರು. ನಾನೂ ತಿದ್ದುವ ಗೋಜಿಗೆ ಹೋಗಲಿಲ್ಲ.

ಮಾಲು ಹಂಚಲು ಊರಿನ ಹೋಟೆಲುಗಳೆಲ್ಲ ನಂಬುವಂಥ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕಾಗಿತ್ತು. ವಿಚಾರಿಸಿದವರೆಲ್ಲ ಒಬ್ಬರತ್ತಲೇ ಬೆರಳು ತೋರಿಸಿದರು. ಅಬಿಡ್ಸ್‌ನಲ್ಲಿ ಆಫೀಸು, ನಾಚಾರಂನಲ್ಲಿ ಗೋಡೌನು ಇಟ್ಟುಕೊಂಡಿದ್ದ ಸಾಹುಕಾರರು. ನಮ್ಮ ಹಿರಿಯರು ಧಾರವಾಡದ ಕಡೆಯವರಾದರೆ ಅವರು ಬಿಜಾಪುರದ ಕಡೆಯವರು. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ. ಸೋಡಾ ಮಾರುವುದರಿಂದ ಶುರುಮಾಡಿ ಬಿಯರಿಗೆ ಬಂದು ನಿಂತವರು, ತಾವು ಮಾತ್ರ ಒಂದು ಹನಿ ಮುಟ್ಟಿದವರಲ್ಲ. ನಾಲ್ಕು ತಿಂಗಳು ಅವರ ಆಫೀಸಿನ ಮೆಟ್ಟಿಲು ಸವೆಸಿದೆ. ಹೋದಾಗಲೆಲ್ಲ ಕೂಡಿಸಿ ಚಹಾ ತರಿಸುವರು, ಆಮೇಲೆ ತೆಲುಗಿನಲ್ಲಿ ಫೋನು ಹಚ್ಚಿಕೊಂಡು ನನ್ನನ್ನು ಮರೆಯುವರು. ಒಂದು ಮಧ್ಯಾಹ್ನ ತಮ್ಮ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಂದಿಟ್ಟು ಕೇಳಿದರು.

“ತಮ್ಮಾ, ನೀ ಬಿಯರ್ ತಗೋತಿಯೇನು?”

“ಇಲ್ಲರಿ ಕಾಕಾ.”

“ಹಂಗಾರ ಕಾಗದ ತಗಿ. ಕುಡಿಯಾವನ ಕೂಡ ಈ ಧಂದೆ ಮಾಡಿದ್ರ ಅರ್ಧ ಗೋಡೌನ್ ಅವನ ಹೊಟ್ಟಿಗೇ ಹೋಗ್ತೈತಿ.”

ಅಂದಿನಿಂದ ಅವರು ನನಗೆ ಕಾಕಾ. ಅವರ ಹಳೆಯ ಕಾರಿನಲ್ಲಿ ಇಬ್ಬರೂ ಹೋಟೆಲಿನಿಂದ ಹೋಟೆಲಿಗೆ ಅಲೆದೆವು. ಬಾಯಿಗಿಟ್ಟಾಗ ಮೊದಲು ಬಾರ್ಲಿಯ ಘಮ, ಕೊನೆಗೆ ಸಣ್ಣ ಕಹಿ ಎಂದು ಕಂಪನಿಯ ಪುಸ್ತಿಕೆಯಲ್ಲಿದ್ದುದನ್ನು ನಾನು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ಕಾಕಾ ಪಕ್ಕದಲ್ಲಿ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಬಿಯರಿನ ರುಚಿ ಗೊತ್ತಿಲ್ಲದ ಇಬ್ಬರು ಊರಿಗೆಲ್ಲ ಬಿಯರಿನ ರುಚಿ ಬಣ್ಣಿಸುತ್ತಿದ್ದೆವು. ವ್ಯಾಪಾರ ಚೆನ್ನಾಗಿಯೇ ಕುದುರಿತು. ಹೋಟೆಲಿನವರು ನಂಬಿದ್ದು ನನ್ನ ಮಾತನ್ನಲ್ಲ, ಕಾಕಾನ ಮುಖವನ್ನು.

ಕಂಪನಿಯದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮಾಲು ಹಡಗಿನಲ್ಲಿ ಬಂದು ಬಹಳ ದಿನ ಗೋಡೌನಿನಲ್ಲಿ ಕೂರುವುದರಿಂದ, ತಿಂಗಳಿಗೊಮ್ಮೆ ಒಂದು ಬಾಟಲಿ ತೆರೆದು ಬಣ್ಣ, ವಾಸನೆ, ರುಚಿ ಹೇಗಿದೆಯೆಂದು ನಾನೇ ಫಾರಂ ತುಂಬಿ ಕಳಿಸಬೇಕು. ಮೊದಲ ಸಲ ನಾನು ಗ್ಲಾಸು ಕೈಗೆತ್ತಿಕೊಂಡಾಗ ಕಾಕಾ ಎದ್ದು ನಿಂತರು.

“ನೌಕರಿ ಸಲುವಾಗಿ ಒಂದು ಗುಟುಕು, ಶಿವ ಸಿಟ್ಟಾಗಂಗಿಲ್ಲ,” ಎಂದು ಹೊರಗೆ ಹೋದರು. ನಮ್ಮಲ್ಲಿ ಹಿರಿಯರ ಎದುರು ಯಾರೂ ಕುಡಿಯುವುದಿಲ್ಲ. ನನಗೆ ಮುಜುಗರವಾಗದಿರಲೆಂದು ಅವರೇ ಮರೆಯಾದರು. ನಾನು ಬಣ್ಣ ನೋಡಿದೆ, ಮೂಸಿದೆ, ಮೋರಿಗೆ ಸುರಿದೆ, ‘ರುಚಿ ಸರಿ ಇದೆ’ ಎಂದು ಬರೆದೆ. ಪ್ರತಿ ತಿಂಗಳೂ ಅವರು ಹೊರಗೆ ಹೋದರು, ಪ್ರತಿ ತಿಂಗಳೂ ನಾನು ಹಾಗೆಯೇ ಬರೆದೆ. ಅದು ಮೋಸವೆಂದು ಅನ್ನಿಸಲೇ ಇಲ್ಲ. ಶುದ್ಧವಾಗಿ ಉಳಿದೆನೆಂಬ ಹೆಮ್ಮೆಯೇ ತಲೆಗೇರಿತ್ತು.

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ನಾಚಾರಂನ ತಗಡಿನ ಮಾಡು ಕಾದ ಹೆಂಚಾಗಿ, ಕರೆಂಟು ಹೋದಾಗಲೆಲ್ಲ ಕೂಲರುಗಳು ನಿಂತವು. ಜೂನ್ ಹೊತ್ತಿಗೆ ಒಂದು ಹೋಟೆಲು ಪೆಟ್ಟಿಗೆಗಳನ್ನು ವಾಪಸು ಕಳಿಸಿತು. ಒದ್ದೆ ರಟ್ಟು ಅಗಿದ ಹಾಗಿದೆ ಎಂದರು. ಆಮೇಲೆ ಇನ್ನೊಂದು, ಮತ್ತೊಂದು. ಕಂಪನಿ ನನ್ನ ಫಾರಂಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿತು. ಪರೀಕ್ಷೆಯಲ್ಲಿ ಪ್ರತಿ ಸಲ ಸರಿಯಿದ್ದ ಮಾಲು ಹೋಟೆಲಿಗೆ ಹೋಗುವಷ್ಟರಲ್ಲಿ ಕೆಡುವುದು ಹೇಗೆ? ಡಿಸ್ಟ್ರಿಬ್ಯೂಟರ್ ಎಲ್ಲಿಂದಲೋ ಅವಧಿ ಮೀರಿದ ಮಾಲು ತಂದು ಬೆರೆಸಿರಬೇಕು. ಏಜೆನ್ಸಿ ರದ್ದು. ಕಾಗದ ತಲುಪಿಸುವ ಕೆಲಸವೂ ನನಗೇ ಬಂತು.

ಕಾಗದ ಇಂಗ್ಲಿಷಿನಲ್ಲಿತ್ತು. ಗೋಡೌನಿನಲ್ಲಿ ಕಾಕಾನ ಎದುರು ಕೂತು ಕನ್ನಡದಲ್ಲಿ ಓದಿ ಹೇಳಿದೆ. ಏಜೆನ್ಸಿ ಹೋದ ಮಾತಿಗೆ ಅವರು ಅಲುಗಲಿಲ್ಲ.

“ನಾ ಬೆರಸೀನಂತ ಬರದಾರೇನು?” ಎಂದಷ್ಟೇ ಕೇಳಿದರು.

“ಹೌದರಿ.”

ಎದ್ದು ಒಂದು ಬಾಟಲಿ ತೆಗೆದು ನೀರು ಕುಡಿಯುವ ಸ್ಟೀಲ್ ಲೋಟಕ್ಕೆ ಬಗ್ಗಿಸಿದರು. ಎಡಗೈಯಿಂದ ಎದೆಯ ಮೇಲಿನ ಲಿಂಗವನ್ನು ಮುಚ್ಚಿಕೊಂಡು ಒಂದು ಗುಟುಕು ಕುಡಿದರು. ಅವರಿಗೆ ಆಗ ಎಪ್ಪತ್ತರ ಹತ್ತಿರ.

“ಕಹಿ ಐತಿ,” ಎಂದರು. “ಕೆಟ್ಟು ಕಹಿ ಆಗೇತೋ, ಇದರ ಗುಣಾನ ಇಷ್ಟೋ, ನನಗ ತಿಳಿಯವಲ್ದು. ನೀ ತಿಂಗಳಾ ನೋಡಿದಾವ. ನೀ ಹೇಳು. ನನ್ನ ಮಾಲು ಕೆಟ್ಟಿದ್ರ ಕೆಟ್ಟೈತಿ ಅನ್ನು, ನಾ ಒಪ್ಪತೀನಿ.”

ಲೋಟವನ್ನು ನನ್ನ ಕಡೆ ಸರಿಸಿ ಮುಖವನ್ನು ಬಾಗಿಲ ಕಡೆ ತಿರುಗಿಸಿಕೊಂಡರು.

ನಾನು ಲೋಟ ಮುಟ್ಟಲಿಲ್ಲ. “ಕಾಕಾ, ನಾ ಒಮ್ಮಿನೂ ಕುಡದಿಲ್ಲರಿ. ಬಣ್ಣ ನೋಡಿ ಚೆಲ್ಲತಿದ್ದೆ.”

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

“ಮೊದಲ ಹೇಳಬೇಕಿತ್ತಪಾ,” ಎಂದರು. “ಒಬ್ಬ ಕುಡುಕನ್ನ ಕೆಲಸಕ್ಕ ಇಟ್ಕೋತಿದ್ದೆ.”

ಅವರು ನಗಲಿಲ್ಲ. ಕಂಪನಿಗೆ ನಿಜ ಬರೆಯುತ್ತೇನೆ, ತಪ್ಪು ನನ್ನದೆಂದು ತಿಳಿಸುತ್ತೇನೆ ಎಂದೆ.

“ಬರೀಬ್ಯಾಡ. ಹೋಗಾಕತ್ತಿದ್ದು ನನ್ನ ಏಜೆನ್ಸಿ. ನಿನ್ನ ನೌಕರಿ ಯಾಕ ಹೋಗಬೇಕು? ಮನ್ಯಾಗ ಅಪ್ಪ ಅದಾರ.”

ಆ ಮಾತು ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ. ಅದು ಮುಖದಲ್ಲಿ ಕಂಡಿರಬೇಕು. ಕಾಕಾ ಒಂದು ಕ್ಷಣ ನನ್ನನ್ನೇ ನೋಡಿ, ಹೊರಗಿನ ನಲ್ಲಿಯ ಬಳಿಗೆ ಹೋಗಿ ಬಾಯಿ ಮುಕ್ಕಳಿಸತೊಡಗಿದರು. ನಾನು ಚೀಲ ಹೆಗಲಿಗೇರಿಸಿ ಹೊರಬಂದು ಅವರ ಬೆನ್ನ ಹಿಂದೆ ನಿಂತೆ. ಅವರು ಮುಕ್ಕಳಿಸುತ್ತಲೇ ಇದ್ದರು. ಹೇಳಿ ಹೋಗೋಣವೆಂದು ಕಾದೆ, ಅವರು ತಿರುಗಲಿಲ್ಲ. ಬಸ್ಸು ಹತ್ತಿದೆ. ಬರೆಯಬೇಡ ಎಂದವರು ಅವರೇ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅವರು ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ.