ಖಾಲಿ ಗಾಡಿ ತಳ್ಳದ ಮುನ್ಯಮ್ಮ

ಆಗಸ್ಟ್ 17, ಭಾನುವಾರ. ಆಂಡರ್ಸನ್‌ಪೇಟೆ. ಬರೆಯಲು ಕುಳಿತಾಗ ಬೆಳಿಗ್ಗೆ ಆರೂ ಹತ್ತು.

ಮುನ್ಯಮ್ಮ ಯಾರ ಮನೆಗೂ ಖಾಲಿ ಪಾತ್ರೆ ಹಿಂದಿರುಗಿಸಿದವಳಲ್ಲ. ನಮ್ಮ ಮನೆಯಿಂದ ಸಾರು ಹೋದ ಬಟ್ಟಲು ವಾಪಸು ಬರುವಾಗ ಅದರಲ್ಲಿ ಒಂದು ಹಿಡಿ ಕಡಲೆಕಾಯಿ ಇರುತ್ತಿತ್ತು. ಏನೂ ಇಲ್ಲದ ದಿನ ಒಂದು ಎಸಳು ಕರಿಬೇವಾದರೂ ಸರಿ. ನೀರು ಮುಗಿದ ಬಿಂದಿಗೆಯನ್ನು ಕಂಡರೆ, ಅದು ಯಾರದೇ ಆಗಲಿ, ಬೋರಲು ಹಾಕಿಯೇ ಮುಂದೆ ಹೋಗುತ್ತಿದ್ದಳು. "ಬಾಯ್ ಬಿಟ್ಕಂಡ್ ನಿಂತೈತೆ ನೋಡು. ಏನಾನಾ ಆಕು, ಇಲ್ಲಾ ಮಗುಚು" ಎನ್ನುತ್ತಿದ್ದಳು.

ಅವಳ ಮನೆ ನಮ್ಮ ಮನೆಗೆ ಹತ್ತಿರದ ನಂದಿದುರ್ಗ ಚಿನ್ನದ ಗಣಿಯ ಲೈನಿನಲ್ಲಿ, ಕಾರ್ಮಿಕರ ಸಾಲುಮನೆಗಳಲ್ಲಿ ಇತ್ತು. ಎಳೆಗೂಸುಗಳನ್ನು ಎರೆಯುವುದು ಅವಳ ಕೆಲಸ. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದಳು. ಮಗು ಕಿರುಚಿದಷ್ಟೂ ಅವಳಿಗೆ ಖುಷಿ. "ಅಳು ಕಣ್ಣು, ಅಳು, ಬೇತಮಂಗಲದ ಕೆರೆ ತುಂಬ್ಲಿ" ಎಂದು ನಗುತ್ತಿದ್ದಳು. ನನ್ನನ್ನೂ ನನ್ನ ಅಕ್ಕ ಭಾರತಿಯನ್ನೂ ಎರೆದವಳು ಅವಳೇ.

ಅವಳ ಬಳಿ ಒಂದು ಸಣ್ಣ ರುಬ್ಬುಗುಂಡು ಇತ್ತು. ತಿರುಗಿಸಿ ತಿರುಗಿಸಿ ನುಣುಪಾದ ಕರಿಕಲ್ಲು, ಅವಳ ಅತ್ತೆಯ ಕಾಲದ್ದು. ನಮ್ಮ ಕಡೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಹೋಗುವುದು ಮಗುವಲ್ಲ, ಕಲ್ಲು. ಅದಕ್ಕೆ ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಗುಂಡಪ್ಪ ಎಂದು ಕರೆದು, ಮಲಗಿಸಿ ತೂಗುತ್ತಾರೆ. ಆಮೇಲೆ ಮಗು. ಮಗು ಗುಂಡುಕಲ್ಲಿನ ಹಾಗೆ ಬಾಳಲಿ ಎಂದು. ಲೈನಿನಲ್ಲಿ ಯಾರ ಮನೆಯ ತೊಟ್ಟಿಲಿಗಾದರೂ ಹೋಗುತ್ತಿದ್ದುದು ಮುನ್ಯಮ್ಮನ ಕಲ್ಲೇ.

ಅಕ್ಕ ಬೆಂಗಳೂರಿನಲ್ಲಿದ್ದಳು. ಭಾವನಿಗೆ ಅಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಅವಳ ಮೊದಲ ಮಗು ಹುಟ್ಟಿದ ದಿನವೇ ತೀರಿಕೊಂಡಿತ್ತು. ಆಗ ಆಸೆಯಿಂದ ಮೊದಲೇ ತಂದಿಟ್ಟಿದ್ದ ತೊಟ್ಟಿಲನ್ನು ಅವಳ ಕಣ್ಣೆದುರಿಗೇ ಹೊತ್ತುಕೊಂಡು ಹೋಗಬೇಕಾಯಿತು. ಎರಡನೆಯದು, ಹೋದ ವರ್ಷ, ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಹುಟ್ಟಿದ ಗಳಿಗೆಯಿಂದ ಬೆಂಗಳೂರಿನ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿತ್ತು.

ಬಿಡುಗಡೆಯಾದ ಮೇಲೆ ತಾಯಿ ಮಗು ಇಬ್ಬರೂ ನಮ್ಮ ಮನೆಗೆ ಬರುವುದು, ವಾರಕ್ಕೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ತೋರಿಸುವುದು ಎಂದು ತೀರ್ಮಾನವಾಯಿತು. ಅಕ್ಕನ ಹೊಟ್ಟೆಯಲ್ಲಿ ಹೊಲಿಗೆ. ಮಗುವನ್ನು ಎತ್ತಿಕೊಂಡು ನಡೆಯುವಂತಿಲ್ಲ. ಹಾಗಾಗಿ ತಳ್ಳುಗಾಡಿ ಬೇಕು ಎಂದೆ. ಹಸುಗೂಸನ್ನು ಕೂರಿಸಬಾರದು, ಗಾಡಿ ಪೂರ್ತಿ ಚಪ್ಪಟೆಯಾಗಿ ಹಾಸಿಕೊಳ್ಳಬೇಕು. ನಮ್ಮ ಬಾಗಿಲಲ್ಲಿ ಹಿಡಿಸಬೇಕು. ಒಂದೇ ಕೈಯಲ್ಲಿ ಮಡಚಲು ಬರಬೇಕು, ಮಡಚಿದರೆ ರೈಲಿನ ಸೀಟಿನ ಕೆಳಗೆ ಹೋಗಬೇಕು. ಬಾಗಿಲನ್ನೂ ಸೀಟಿನ ಕೆಳಗಿನ ಜಾಗವನ್ನೂ ಟೇಪು ಹಿಡಿದು ಅಳೆದು ಬರೆದುಕೊಂಡೆ. "ಏನಮ್ಮಾ, ರೈಲು ಕೊಂಡ್ಕಂತೀಯಾ?" ಎಂದು ರೈಲಿನಲ್ಲಿ ಎದುರಿಗೆ ಕೂತಿದ್ದ ಸೊಪ್ಪಿನವಳು ಕೇಳಿದ್ದಳು.

ಮಗುವನ್ನು ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ ದಿನ ನಾನು ಬೆಂಗಳೂರಿಗೆ ಹೊರಟೆ. ಮುನ್ಯಮ್ಮ ಕರೆಯದೆಯೇ ಬಂದಳು, ಕಂಕುಳಲ್ಲಿ ಭಾರದ ಒಂದು ಚೀಲ.

ಮೊದಲು ಗಾಡಿ ಕೊಳ್ಳಲು ಹೋದೆವು. ಅಂಗಡಿಯ ಹುಡುಗಿ ಒಂದೊಂದೇ ಗಾಡಿ ಬಿಡಿಸಿ ತೋರಿಸಿದಳು. "ಇದನ್ನ ಮಡಚಿ ವಿಮಾನದ ಒಳಗೇ ತಗೊಂಡು ಹೋಗಬಹುದು ಮೇಡಂ" ಎಂದಳು.

"ಇಮಾನ ಯಾವನ್ಗೆ ಬೇಕವ್ವಾ? ಮಾರಿಕುಪ್ಪಂ ರೈಲ್ ಅತ್ತುತ್ತಾ ಕೇಳು" ಎಂದು ಮುನ್ಯಮ್ಮ ನನಗೆ ತಿವಿದಳು. ಅವಳ ಮನಸ್ಸು ಜಾಲರಿ, ಲೇಸು ಇದ್ದ ಭಾರಿ ಗಾಡಿಯೊಂದರ ಮೇಲೆ ಕೂತಿತ್ತು. "ಮದ್ವೆ ಕಾರ್ ಇದ್ದಂಗೈತೆ, ಇದೇ ತಕ್ಕಳೇ." ಅದು ನಮ್ಮ ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದೆ. "ಬಾಗ್ಲು ಕಿತ್ತಾಕಿದ್ರಾಯ್ತು" ಎಂದಳು.

ತೀರ ಹಗುರಾಗಿದ್ದ ಗಾಡಿಯಲ್ಲಿ ಮಗುವನ್ನು ಕೂರಿಸಬಹುದಿತ್ತೇ ಹೊರತು ಮಲಗಿಸುವಂತಿರಲಿಲ್ಲ. ಕಪ್ಪು ಬಣ್ಣದ್ದನ್ನು ಮುನ್ಯಮ್ಮ ನೋಡಲೂ ಬಿಡಲಿಲ್ಲ. ಕೊನೆಗೆ ಬೂದು ಬಣ್ಣದ ಒಂದು ಗಾಡಿ ನನ್ನ ಅಳತೆಗೆಲ್ಲ ಕೂಡಿ ಬಂತು. ತಳ್ಳಿ ನೋಡಿ ಎಂದಳು ಹುಡುಗಿ. ನಾನು ಹಿಡಿಗೆ ಕೈ ಹಾಕಿದ್ದೇ ತಡ, ಮುನ್ಯಮ್ಮ ನನ್ನ ಮಣಿಕಟ್ಟು ಹಿಡಿದಳು.

"ಖಾಲೀದ್ ತಳ್ತೀಯೇನೇ? ಬುದ್ಧಿ ಐತಾ ನಿಂಗೆ?"

ಚೀಲದಿಂದ ಕಲ್ಲು ಹೊರಬಂತು. ಹಳದಿ ಬಟ್ಟೆ ಸುತ್ತಿ, ಮೇಲೊಂದು ಪುಟ್ಟ ಕುಲಾವಿ ತೊಡಿಸಿದ್ದಳು. ಗಾಡಿಯಲ್ಲಿ ಮಲಗಿಸಿ, ಬೆಲ್ಟು ಬಿಗಿದು, "ಈಗ ತಳ್ಳು" ಎಂದಳು.

ಅಂಗಡಿಯ ಹುಡುಗಿ ಗಂಭೀರವಾಗಿಯೇ ಕೇಳಿದಳು: "ಪಾಪುಗೆ ಎಷ್ಟು ವಯಸ್ಸು ಅಜ್ಜಿ?"

"ನನ್ಗಿಂತ ದೊಡ್ಡೋನು. ನಮ್ಮತ್ತೆ ಕಾಲ್ದೋನು."

ನಾನು ನಕ್ಕೆ. ಗಾಡಿ ತಳ್ಳಿದಾಗ ಮಾತ್ರ, ನಮ್ಮ ಮಗು ಈ ಕಲ್ಲಿಗಿಂತ ಹಗುರ ಎಂಬುದು ನೆನಪಾಯಿತು.

ಆಸ್ಪತ್ರೆಗೆ ಹೋದರೆ, ಇವತ್ತು ಕಳಿಸುವುದಿಲ್ಲ ಎಂದರು. ಬೆಳಿಗ್ಗೆ ಮಗುವಿನ ಉಸಿರು ಒಮ್ಮೆ ನಿಂತು ಮತ್ತೆ ಬಂದಿತ್ತಂತೆ. ಇನ್ನೆಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಗಾಡಿ ಇಡಲು ಅಲ್ಲಿ ಜಾಗವಿಲ್ಲ, ವಾಪಸು ತೆಗೆದುಕೊಂಡು ಹೋಗಿ ಎಂದರು. ಅಕ್ಕ ಹೊಟ್ಟೆ ಹಿಡಿದುಕೊಂಡು ವರಾಂಡಕ್ಕೆ ಬಂದಳು. ಗಾಡಿ ಕಂಡವಳೇ ಗೋಡೆಗೆ ಒರಗಿದಳು.

"ಯಾಕ್ ತಂದ್ರಿ ಇದನ್ನ? ಈ ಸಲಾನೂ ನನ್ನ ಕಣ್ಮುಂದೆ ಖಾಲಿ ಹೋಗ್ಬೇಕಾ?"

ಮುನ್ಯಮ್ಮ ಅಕ್ಕನ ಕೈ ಹಿಡಿದು ತಂದು ಗಾಡಿಯೊಳಗೆ ಇಟ್ಟಳು, ಕುಲಾವಿಯ ಮೇಲೆ.

"ಖಾಲಿ ಎಲ್ಲೈತೆ ಅಮ್ಮಣೀ? ಮುಟ್ಟಿ ನೋಡು. ರೈಲ್ನಾಗೆ ಟವಲ್ ಆಕಿ ಸೀಟ್ ಇಡಿಯಲ್ವಾ, ಅಂಗೆ ಗುಂಡಪ್ಪ ಜಾಗ ಇಡ್ಕಂಡವ್ನೆ. ನಿನ್ ಪಾಪ ಬಂದ್ರೇನೇ ಏಳೋದು. ಅಲ್ಲೀಗಂಟ ಯಾವನ್ ಬಂದ್ರೂ ಬಿಡಲ್ಲ."

ಅಕ್ಕ ಆ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅತ್ತಳು. ನಾವು ಹೊರಟಾಗ ಗೇಟಿನ ತನಕ ನೋಡುತ್ತಲೇ ಇದ್ದಳು. ಗಾಡಿ ಖಾಲಿ ಹೋಗಲಿಲ್ಲ.

ಸಂಜೆಯ ರೈಲು ಕಿಕ್ಕಿರಿದಿತ್ತು. ಗಾಡಿ ಮಡಚೋಣ ಎಂದೆ. ಮುನ್ಯಮ್ಮ ಒಪ್ಪಲಿಲ್ಲ. ಮಡಚಬೇಕಾದರೆ ಕಲ್ಲು ಎತ್ತಬೇಕು, ಕಲ್ಲು ಎತ್ತಿದರೆ ಜಾಗ ಬಿಟ್ಟಂತೆ. ಬಾಗಿಲ ಬಳಿ ಗಾಡಿಗೆ ಅಡ್ಡ ನಿಂತು ಜನರ ಬೈಗುಳವನ್ನೆಲ್ಲ ಅವಳೇ ತಿಂದಳು. ಯಾರೋ ಹೆಂಗಸು ಮಗು ನೋಡಲು ಬಟ್ಟೆಯ ಅಂಚು ಎತ್ತಿ, ಬೆಚ್ಚಿ ಕೈಬಿಟ್ಟಳು. "ಮುಚ್ಚಮ್ಮಾ, ಗಾಳಿ ತಗಲ್ತೈತೆ" ಎಂದಳು ಮುನ್ಯಮ್ಮ.

ದಾರಿಯಲ್ಲಿ ಅವಳೇ ಹೇಳಿದಳು: "ಈ ಕಲ್ಲು ಎಲ್ರ ಮನೆ ತೊಟ್ಲೂ ಅತ್ತೈತೆ. ನನ್ ತೊಟ್ಲು ಮಾತ್ರ ಅತ್ತಲಿಲ್ಲ. ನನ್ ಕೂಸು ಎಸ್ರಿಡೋ ದಿನದ್ವರ್ಗೂ ಉಳೀಲಿಲ್ಲ ಕಣೇ."

ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ಇದು ನನಗೆ ಗೊತ್ತಿರಲಿಲ್ಲ. "ಗಂಡೋ, ಹೆಣ್ಣೋ?" ಎಂದು ಕೇಳಿದೆ. ಅವಳು ಹೊರಗೆ ನೋಡಿದಳು. "ಬಂಗಾರಪೇಟೆ ಬಂತು, ಇಳಿಯೇ" ಎಂದಳು.

ಬಂಗಾರಪೇಟೆಯಲ್ಲಿ ರೈಲು ಬದಲಿಸಲು ಮೇಲ್ಸೇತುವೆ ಹತ್ತಿ ಇಳಿಯಬೇಕು. ಒಂದೇ ಕೈಯಲ್ಲಿ ಮಡಚುವ ಗಾಡಿ ಬೇಕೆಂದು ನಾನು ಅಷ್ಟು ಹುಡುಕಿದ್ದು ಆ ಮೆಟ್ಟಿಲುಗಳಿಗಾಗಿಯೇ. ಅದೇ ಗಾಡಿಯನ್ನು ಬಿಚ್ಚಿದಂತೆಯೇ, ಕಲ್ಲಿನ ಸಮೇತ, ಅವಳು ಮುಂದೆ ನಾನು ಹಿಂದೆ ಎತ್ತಿಕೊಂಡು ಸೇತುವೆ ದಾಟಿದೆವು. ನಡುವೆ ಒಮ್ಮೆಯೂ ಇಳಿಸಗೊಡಲಿಲ್ಲ.

ಆಮೇಲೆ ಗಾಡಿ ನಮ್ಮ ನಡುಮನೆಯಲ್ಲಿ ನಿಂತಿತು. ಮುನ್ಯಮ್ಮ ದಿನವೂ ಬಂದು ಕುಲಾವಿ ಸರಿಪಡಿಸಿ ಹೋಗುತ್ತಿದ್ದಳು. ಅಕ್ಕ ಫೋನಿನಲ್ಲಿ ಮಗುವಿನ ತೂಕ ಹೇಳಿದ ಮೇಲೆ ಕೊನೆಗೊಂದು ಮಾತು ಕೇಳುತ್ತಿದ್ದಳು: "ಗುಂಡಪ್ಪ ಇದಾನಾ?" ಇದ್ದಾನೆ ಎನ್ನುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ ಭಾವ ಕಾರು ಮಾಡಿಕೊಂಡು ಇಬ್ಬರನ್ನೂ ಕರೆತಂದ. ಮುನ್ಯಮ್ಮ ಮಗುವನ್ನು ಎಡಗೈಗೆ ತೆಗೆದುಕೊಂಡಳು, ಬಲಗೈಯಿಂದ ಕಲ್ಲನ್ನು ಎತ್ತಿದಳು, ಅದೇ ಉಸಿರಿನಲ್ಲಿ ಮಗುವನ್ನು ಮಲಗಿಸಿದಳು. ನಡುವೆ ಗಾಡಿ ಖಾಲಿಯಿದ್ದುದನ್ನು ಯಾರೂ ಕಾಣಲಿಲ್ಲ. ಮಗು ನಿದ್ದೆ ಮುಗಿಸಿ ಅಕ್ಕನ ತೊಡೆಗೆ ಹೋದ ಮೇಲೆ ನನ್ನತ್ತ ತಿರುಗಿ, "ಈಗ ಮಡ್ಸೇ ನಿನ್ ಗಾಡೀನ. ನೋಡಾಣ" ಎಂದಳು. ಮಡಚಿ ತೋರಿಸಿದೆ. "ಪರ್ವಾಗಿಲ್ಲ, ಬುದ್ಧಿವಂತೆ" ಎಂದಳು.

ಈ ವರ್ಷ ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ನೋಡಲು ಹೋದಾಗ ಹಳದಿ ಬಟ್ಟೆಯ ಗಂಟನ್ನು ನನ್ನ ಮಡಿಲಿಗಿಟ್ಟಳು. "ಯಾರಾನಾ ಕೇಳ್ಕಂಡ್ ಬಂದ್ರೆ ಕೊಡು. ಇಲ್ಲ ಅನ್ಬ್ಯಾಡ." ಹೊರಡುವಾಗ ಕೈಸನ್ನೆ ಮಾಡಿ ಕರೆದಳು. ನಾನು ಗಂಜಿ ತಂದಿದ್ದ ಡಬ್ಬಿಗೆ ತಲೆದಿಂಬಿನ ಪಕ್ಕದಲ್ಲಿದ್ದ ಒಂದು ಬಾಳೆಹಣ್ಣು ಹಾಕಿದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ. ಮೂರನೆಯ ದಿನ ಸುದ್ದಿ ಬಂತು. ನಾನು ಕೆಲಸದ ಮೇಲೆ ಬಂಗಾರಪೇಟೆಯಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಕಲ್ಲು ಎರಡು ಮನೆಗಳ ತೊಟ್ಟಿಲಿಗೆ ಹೋಗಿ ಬಂದಿದೆ. ಗಾಡಿಯನ್ನು ನಿನ್ನೆ ಲೈನಿನ ಒಬ್ಬ ಬಸುರಿ ಕೇಳಿದಳು. ಹೆರಿಗೆಯಾಗಲಿ, ಕಲ್ಲಿನ ಸಮೇತ ನಾನೇ ತರುತ್ತೇನೆ ಎಂದಿದ್ದೇನೆ.

ಮುನ್ಯಮ್ಮ ಬೇತಮಂಗಲದ ಆಚೆಯ ಯಾವುದೋ ಹಳ್ಳಿಯಿಂದ ನಂದಿದುರ್ಗದ ಲೈನಿಗೆ ಸೊಸೆಯಾಗಿ ಬಂದವಳು. ಗಂಡ ಗಣಿಯಲ್ಲಿದ್ದ, ಬಹಳ ಹಿಂದೆಯೇ ತೀರಿಕೊಂಡ. ಅವಳ ಓರಗೆಯವರು ಯಾರಾದರೂ ಇದ್ದರೆ, ಅವರಿಂದ ಕೇಳಿ ತಿಳಿದವರಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಅವಳ ಮಗು ಗಂಡೋ ಹೆಣ್ಣೋ, ಏನೆಂದು ಹೆಸರಿಡಬೇಕೆಂದಿದ್ದಳು, ಅಷ್ಟು ಸಾಕು. ದಿನಚರಿಯಲ್ಲಿ ಅವಳ ಹೆಸರಿನ ಕೆಳಗೆ ಅದಕ್ಕಾಗಿ ಒಂದು ಸಾಲು ಬಿಟ್ಟಿದ್ದೇನೆ. ಅದನ್ನು ಹಾಗೆ ಖಾಲಿ ಬಿಡಲು ಮನಸ್ಸು ಬರುತ್ತಿಲ್ಲ.