ಗೇಟು ಗುರುತಿಸಿದ ಬೋಳುತಲೆ

ಅಪ್ಪ ಕ್ಯಾಮೆರಾದ ಮುಂದೆ ನಿಂತಾಗ ಗೇಟು ತೆರೆದೀತೆಂಬ ನಂಬಿಕೆ ನನಗಿರಲಿಲ್ಲ. ಬೆಂಗಳೂರು ವಿಮಾನ ನಿಲ್ದಾಣದ ಆ ಗೇಟು ಮುಖ ನೋಡಿಯೇ ಒಳಗೆ ಬಿಡುತ್ತದೆ. ಅದಕ್ಕೆಂದು ಮೊಬೈಲಿನಲ್ಲಿ ಅಪ್ಪನ ಫೋಟೊ ತೆಗೆದು ಆ್ಯಪಿಗೆ ಸೇರಿಸಿದಾಗ ಅವರಿಗೆ ತಲೆತುಂಬ ಕೂದಲು, ಗಿರಿಜಾ ಮೀಸೆ. ಆಮೇಲೆ ದಿಲ್ಲಿಯಲ್ಲಿ ಅಕ್ಕನ ಹೆರಿಗೆ ಸುಸೂತ್ರವಾಯಿತು. ಅಪ್ಪ ಹರಕೆಯಂತೆ ಮುತ್ತತ್ತಿಗೆ ಹೋಗಿ ಮುಡಿ ಕೊಟ್ಟು, ಮೀಸೆಯನ್ನೂ ಬೋಳಿಸಿಕೊಂಡು ಬಂದರು. ಮೂರು ತಿಂಗಳ ಮೊಮ್ಮಗಳನ್ನು ನೋಡಲು ಹೊರಟ ನಮಗೆ ಆ ಫೋಟೊ ನೆನಪಾದದ್ದು ಮದ್ದೂರು ದಾಟಿದ ಮೇಲೆ!

ಪಕ್ಕದಲ್ಲಿ ಗುರುತಿನ ಚೀಟಿ ತೋರಿಸುವವರ ಉದ್ದನೆಯ ಸಾಲಿತ್ತು. ನಮಗೆ ಆಗಲೇ ತಡವಾಗಿತ್ತು; ಅಲ್ಲಿ ನಿಂತರೆ ವಿಮಾನ ತಪ್ಪುವುದು ಖಚಿತ. ಅಪ್ಪ ಮುತ್ತತ್ತಿಯ ಆಂಜನೇಯನಿಗೆ ಮುಗಿದಂತೆಯೇ ಕ್ಯಾಮೆರಾಕ್ಕೂ ಕೈಮುಗಿದರು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಗೇಟು ತೆರೆಯಿತು!

“ಕಿರುಗಾವಲು ಬಸ್‌ಸ್ಟ್ಯಾಂಡಲ್ಲಿ ನಮ್ ಬೀಗ್ರೇ ಗುರ್ತು ಹಿಡೀನಿಲ್ಲ, ಇದು ಹಿಡಿದ್‌ಬುಡ್ತು ಕಣವ್ವ!” ಅಪ್ಪನ ಕೂಗಿಗೆ ಪಕ್ಕದ ಸಾಲಿಗೆ ಸಾಲೇ ನಕ್ಕಿತು.

ಈಗ ಮೀಸೆ ಮತ್ತೆ ಬೆಳೆದಿದೆ. ದಿಲ್ಲಿಯಲ್ಲಿ ಬೋಳು ತಾತನನ್ನು ಕಂಡು ನಗುತ್ತಿದ್ದ ಮೊಮ್ಮಗಳು ವಿಡಿಯೊ ಕಾಲ್‌ನಲ್ಲಿ ಮೀಸೆ ಕಂಡೊಡನೆ ಕಿಟಾರನೆ ಕಿರುಚುತ್ತಾಳೆ. ಅಪ್ಪ ಮೊಬೈಲಿಗೆ ಮುಖವೊಡ್ಡಿ ಗೋಗರೆಯುತ್ತಾರೆ: “ಆ ಗೇಟ್ಗೇ ಗೊತ್ತಾಯ್ತು, ನಿಂಗ್ ಗೊತ್ತಾಗಕಿಲ್ವೇನವ್ವ?”