ಹಗೇವಿನ ತಳದಲ್ಲಿದ್ದ ಬಂದೂಕು

ಎಂಟನೆಯ ತರಗತಿಯಲ್ಲಿ ನಾನು ಬರೆದ ಒಂದು ಪ್ರಬಂಧದ ದೆಸೆಯಿಂದ ನಮ್ಮಪ್ಪ ಸಾಯುವುದರಲ್ಲಿದ್ದ. ಇಷ್ಟು ವರ್ಷ ಇದನ್ನು ಯಾರ ಮುಂದೂ ಹೇಳಿಲ್ಲ. ಬಿ.ಎ.ಗೆ ಇತಿಹಾಸ ತೆಗೆದುಕೊಂಡಿದ್ದೆ. "ಸುರಪುರದಾಕಿ ಅಂದಮ್ಯಾಲ ನಿನ್ನ ಹಂತೇಕ ಕಥಿ ಭಾಳ ಇರಬೇಕಲ್ಲ" ಎಂದು ಕಾಲೇಜಿನಲ್ಲಿ ಕೇಳಿದಾಗಲೂ ಏನೂ ಇಲ್ಲವೆಂದು ತಲೆ ಅಲ್ಲಾಡಿಸಿದ್ದೆ.

ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರೆ ಎರಡು ಗುಡ್ಡ ಕಾಣುತ್ತವೆ. ಒಂದರ ಮೇಲೆ ಕೋಟೆಯ ಗೋಡೆ. ಇನ್ನೊಂದರ ಮೇಲೆ ಬ್ರಿಟಿಷ್ ಸಾಹೇಬನೊಬ್ಬ ಇದ್ದು ಹೋದ ಬಂಗಲೆ. ನಮ್ಮ ಹಿರಿಯರು ಕೋಟೆಯ ಬಾಗಿಲು ಕಾಯುವ ಕಾಲಾಳುಗಳಾಗಿದ್ದರಂತೆ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ, ಹತ್ತಿ ಅಂಡಿಗೆ ಹೊರುತ್ತಿದ್ದ. ಅವ್ವ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ನನಗಿಂತ ಮುಂಚೆ ಶಾಲೆಯ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ನಾನು ಓದಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಪುಕ್ಕಟೆ ಬಂದದ್ದಲ್ಲ ಅದು.

ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ಬಂದೂಕಿನ ಮಾತು ಆಯಿಯಿಂದ ಬಂದದ್ದು. ನಮ್ಮೂರಿನ ದೊರೆ ಬ್ರಿಟಿಷರ ಮೇಲೆ ಎದ್ದು, ಆ ದಂಗೆ ಅಡಗಿದ ಮೇಲೆ ಊರಲ್ಲಿ ಡಂಗುರ ಸಾರಿದರಂತೆ: ಮನೆಯಲ್ಲಿರುವ ಆಯುಧವನ್ನೆಲ್ಲ ತಂದು ಇಡಿ, ಹೆಸರು ಬರೆದುಕೊಂಡು ಚೀಟಿ ಕೊಡುತ್ತೇವೆ, ಹೆದರಬೇಡಿ. ಎಷ್ಟೋ ಜನ ತಂದಿಟ್ಟರು. ಆಮೇಲೆ ಅದೇ ಹೆಸರಿನ ಪಟ್ಟಿ ಹಿಡಿದುಕೊಂಡು ಸಿಪಾಯಿಗಳು ಮನೆ ಮನೆಗೆ ಬಂದು ಗಂಡಸರಿಗೆ ಬೇಡಿ ಹಾಕಿದರು. ನಮ್ಮ ಹಿರಿಯ ಮಾತ್ರ ತುಕ್ಕು ಹಿಡಿದ ಕತ್ತಿಯೊಂದನ್ನು ಕೊಟ್ಟು, ಮದ್ದು ತುಂಬಿ ಹೊಡೆಯುವ ಬಂದೂಕನ್ನು ಮಾಳಿಗೆಯ ತೊಲೆಯ ಸಂದಿಯಲ್ಲಿ ಉಳಿಸಿಕೊಂಡ. ಅದು ಅಲ್ಲೇ ತಲೆಮಾರುಗಟ್ಟಲೆ ಇತ್ತು. ರಜಾಕಾರರ ಹಾವಳಿಯ ಕಾಲದಲ್ಲಿ ಆಯಿಯ ಅತ್ತೆ ಅದನ್ನು ಎಣ್ಣೆಯ ಬಟ್ಟೆಯಲ್ಲಿ ಸುತ್ತಿ, ಅಂಗಳದ ಹಗೇವಿನ ತಳದಲ್ಲಿ ಹುಲ್ಲಿನ ಕೆಳಗೆ ಹೂತಳು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಆಗ ಆಯಿ ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಹದಿನಾಲ್ಕರ ಸೊಸೆ. ಮೇಲೆ ಕಂದೀಲು ಹಿಡಿದು ನಿಂತವಳು ಅವಳೇ.

"ಈ ಮಾತು ಹೊಸ್ತಿಲಾ ದಾಟಬಾರದು" ಎಂದು ಪ್ರತಿ ಸಲವೂ ಕೊನೆಗೆ ಹೇಳುತ್ತಿದ್ದಳು. ನನ್ನ ಕೈ ಹಿಡಿದು, ಉಗುರು ನೆಡುವಷ್ಟು ಒತ್ತಿ ಹೇಳುತ್ತಿದ್ದಳು.

ನಾನು ದಾಟಿಸಿದೆ. ಶಾಲೆಯಲ್ಲಿ "ನಮ್ಮ ಊರು, ನಮ್ಮ ಮನೆ" ಎಂದು ಪ್ರಬಂಧದ ಸ್ಪರ್ಧೆ ಇಟ್ಟಿದ್ದರು. ವಕೀಲರ ಮಗಳು, ಡಾಕ್ಟರ ಮಗಳು ನನ್ನ ಕ್ಲಾಸಿನಲ್ಲಿದ್ದರು. ಅವರ ಮನೆಯಲ್ಲಿ ಪುಸ್ತಕಗಳ ಕಪಾಟು ಇತ್ತು. ನಮ್ಮ ಮನೆಯಲ್ಲಿ ಏನಿದೆ? ಬಂದೂಕು ಇದೆ. ನಾಲ್ಕು ಹಾಳೆ ಬರೆದೆ. ಹಗೇವು ಅಂಗಳದ ಯಾವ ಮೂಲೆಯಲ್ಲಿದೆ ಎಂಬುದನ್ನೂ ಬಿಡಲಿಲ್ಲ. ಬರೆಯುವಾಗ ಎಂಥ ಸಂತೋಷವಾಗಿತ್ತೆಂದರೆ, ಬರೆದು ಮುಗಿಸಿ ನಾನೇ ಎರಡು ಸಲ ಓದಿಕೊಂಡೆ.

ಒಂದು ಶನಿವಾರ ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಸಮಾಜ ಕಲಿಸುವ ಮೇಡಂ ನನ್ನನ್ನು ಮುಂದೆ ಕರೆದರು. ಭುಜದ ಮೇಲೆ ಕೈ ಇಟ್ಟರು. ನನ್ನ ಪ್ರಬಂಧಕ್ಕೆ ಮೊದಲ ಬಹುಮಾನ ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಇನ್ನೊಂದು ಮಾತು ಹೇಳಿದರು: "ನಾಳೆ ಮುಂಜಾನಿ ಯಾದಗಿರಿಯಿಂದ ಸಾಹೇಬರು ನಿಮ್ಮ ಮನಿಗೆ ಬರಾಕತ್ತಾರ. ಆ ಬಂದೂಕು ನೋಡ್ತಾರಂತ. ಪೇಪರಿನವರೂ ಬರ್ತಾರ. ನಿಮ್ಮಪ್ಪಗ ಮನ್ಯಾಗ ಇರಾಕ ಹೇಳು."

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನಾನು ತಿರುಗಿ ಸಾಲಿನ ಕೊನೆಗೆ ಹೋಗಿ ನಿಂತೆ. ಶಾಲೆ ಬಿಟ್ಟ ಮೇಲೆ ಮನೆಗೆ ಹತ್ತು ನಿಮಿಷದ ದಾರಿ. ಆವತ್ತು ನಾನು ಒಂದು ತಾಸು ತಿರುಗಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಪೊಲೀಸ್ ಜೀಪು ನಿಂತಿತ್ತು. ದಿನಾ ನಿಲ್ಲುವ ಜೀಪೇ. ಅದರೊಳಗಿದ್ದವ ನನ್ನನ್ನೇ ನೋಡಿದನೆಂದು ತಿಳಿದು ಓಟ ಕಿತ್ತೆ.

ಅಂಗಳದಲ್ಲಿ ಆಯಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು. ಅಪ್ಪ ಊಟ ಮಾಡುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ.

ಆಯಿ ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಣಸಿನಕಾಯಿಯ ಮೊರ ಕೆಳಗಿಟ್ಟು, ಎರಡೂ ಕೈ ನೆಲಕ್ಕೆ ಊರಿ, "ಹೆಸರು ಬರಕೊಂಡಾರೇನು?" ಎಂದಳು.

"ಹೂಂ. ಅಪ್ಪನ ಹೆಸರು, ಮನಿ ನಂಬರು, ಎಲ್ಲಾ."

"ಆತು ಬಿಡು. ನಿಮ್ಮಪ್ಪಗ ಬೇಡಿ ಹಾಕ್ತಾರ."

"ಏ ಯವ್ವಾ, ಸುಮ್ನಿರು. ಈಗ ಯಾವ ಬ್ರಿಟಿಷರ್ ಅದಾರ?" ಎಂದು ಅಪ್ಪ ನಗಲು ನೋಡಿದ. ಆದರೆ ಅವನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಯಾರ್ಡಿನಲ್ಲಿ ಯಾರೋ ಹೇಳಿದ್ದು ಅವನಿಗೆ ನೆನಪಿತ್ತು: ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕರೆ ಬೇಲು ಸಹ ಆಗುವುದಿಲ್ಲವಂತೆ. ಅವನು ತಾಟಿನಲ್ಲೇ ಕೈ ತೊಳೆದ.

"ತಗದು ಹೊಳಿಗೆ ಚೆಲ್ಲಿ ಬರ್ತೀನಿ. ತಿಂಥಣಿ ಕಡೆ ಹೋಗಿ ಬಂದ್ರ ಮುಗೀತು. ಅವರು ಬಂದು ನೋಡ್ಲಿ, ಏನೈತಿ?"

ಹಗೇವು ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಮನೆಗೆ ಚೀಲದ ಅಕ್ಕಿ ಬರತೊಡಗಿದ ಮೇಲೆ ಅದರಲ್ಲಿ ಜೋಳ ತುಂಬಿದ್ದಿಲ್ಲ. ಬಾಯಿಗಿಟ್ಟ ಚಪ್ಪಡಿಯ ಮೇಲೆ ಒಲೆ ಹಾಕಿ ನೀರು ಕಾಯಿಸುತ್ತಿದ್ದೆವು. ಅಪ್ಪ ಹಾರೆ ಹಾಕಿ ಚಪ್ಪಡಿ ಎಬ್ಬಿಸಿದಾಗ ಒಳಗಿನಿಂದ ಕೊಳೆತ ಹುಲ್ಲಿನ ಹುಳಿ ವಾಸನೆ ಬಂತು. ಹಗೇವು ತೆರೆದರೆ ಒಂದು ದಿನ ಹಾಗೇ ಬಿಡಬೇಕು. ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆಯಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಆವತ್ತು ಅವಳು ಅಂಗಳದ ಬಾಗಿಲ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತು, "ಲಗೂನ, ಲಗೂನ" ಎನ್ನುತ್ತಿದ್ದಳು. ಬೀದಿಯಲ್ಲಿ ಮೋಟರ್ ಸೈಕಲ್ ಸಪ್ಪಳವಾದರೆ ಬೆಚ್ಚುತ್ತಿದ್ದಳು. ಒಂದು ದಿನ ಬಿಡಲು ನಮ್ಮ ಹತ್ತಿರ ಒಂದು ದಿನ ಎಲ್ಲಿತ್ತು?

ಹಗ್ಗ ಕಟ್ಟಿದವಳು ಅವ್ವ. ಅಪ್ಪ ಬೇಡವೆಂದರೂ ಕೇಳದೆ ಬಾವಿ ಹಗ್ಗವನ್ನು ಅವನ ಕಂಕುಳ ಕೆಳಗೆ ಸುತ್ತಿ ಬಿಗಿದು, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಸುತ್ತಿದಳು. ಅಪ್ಪ ಗೋಡೆಯ ಮೆಟ್ಟಿಲು ಗುಳಿಗಳಲ್ಲಿ ಕಾಲಿಟ್ಟು ಇಳಿದ. ಅವನ ನೆತ್ತಿ ಕಂಡಿತು, ಆಮೇಲೆ ಕಾಣಲಿಲ್ಲ.

"ತಳ ಸಿಕ್ತು" ಎಂದ ಒಳಗಿನಿಂದ. ಹುಲ್ಲು ಸರಿಸುವ ಸಪ್ಪಳ ಬಂತು. ಕೆಮ್ಮಿದ. "ಇದೇನು ಘಾಟು..." ಎಂದ. ಆಮೇಲೆ ಗೋಣಿಚೀಲ ಕುಸಿದಂಥ ಒಂದು ಸಪ್ಪಳ.

ಅವ್ವ ಕರೆದಳು. ನಾನು ಕರೆದೆ. ಗುಂಡಿ ನಮ್ಮ ಧ್ವನಿಯನ್ನೇ ನಮಗೆ ತಿರುಗಿ ಕೊಟ್ಟಿತು. ಅವ್ವ ಸೆರಗು ಸಿಕ್ಕಿಸಿ ಕಾಲು ಇಳಿಬಿಟ್ಟಳು. ಆಯಿ ಬಾಗಿಲು ಬಿಟ್ಟು ಓಡಿಬಂದು ಅವಳನ್ನು ಸೊಂಟ ಹಿಡಿದು ಹಿಂದೆ ಎಳೆದಳು. ಇಬ್ಬರೂ ಹಗೇವಿನ ಬಾಯಲ್ಲಿ ಹೊರಳಾಡಿದರು. "ನೀ ಇಳದ್ರ ನೀನೂ ಹೋಕ್ಕಿ! ಕೂಸನ್ನ ಯಾರು ನೋಡ್ತಾರ?" ಎಂದು ಆಯಿ ಕಿರುಚಿದಳು. ಆಗ ಚಿಲಕ ತೆಗೆದು ನಾನು ಓಡಿದೆ. ನನ್ನ ಅಪ್ಪ ನನ್ನ ಕೈಬರಹದ ಕೆಳಗೆ ಸತ್ತುಬಿದ್ದಿದ್ದಾನೆ ಎಂಬುದೊಂದೇ ತಲೆಯಲ್ಲಿತ್ತು.

ಓಣಿಯ ಮೂಲೆಯಲ್ಲಿ ಬೀಗ, ಸ್ಟವ್ ರಿಪೇರಿ ಮಾಡುವ ಮುದುಕರಿದ್ದರು. ಎಲ್ಲರೂ ಅವರಿಗೆ ಚಾಚಾ ಎನ್ನುತ್ತಿದ್ದೆವು. ನನ್ನ ಬಾಯಿಂದ "ಹಗೇವು, ಅಪ್ಪ" ಎಂಬ ಎರಡೇ ಮಾತು ಬಂದವು. ಚಾಚಾ ಎದುರಿನ ಚಹಾದಂಗಡಿಯಲ್ಲಿದ್ದ ಇಬ್ಬರು ಗಂಡಸರನ್ನು ಕರೆದುಕೊಂಡು, ಬರಿಗಾಲಲ್ಲೇ ಬಂದರು. ಬಂದವರೇ ಮೊದಲು ಹಗ್ಗ ನೋಡಿದರು. "ಅಲ್ಹಮ್ದುಲಿಲ್ಲಾ, ಹಗ್ಗ ಐತಿ. ಎಳೀರಿ! ಯಾರೂ ಬಗ್ಗಬ್ಯಾಡ್ರಿ, ಮಾರಿ ಆಕಡೆ ಮಾಡ್ರಿ!"

ಅಪ್ಪ ಬಾಯಿಯವರೆಗೆ ಬಂದು ಅಡ್ಡ ಸಿಕ್ಕಿಕೊಂಡ. ಭುಜ ಹೊರಡಲಿಲ್ಲ. ತಲೆ ಕಲ್ಲಿಗೆ ಬಡಿಯಿತು. ಚಾಚಾ ಬೋರಲು ಮಲಗಿ ಕೈ ಇಳಿಬಿಟ್ಟು ಅವನ ಒಂದು ತೋಳನ್ನು ಮೇಲೆತ್ತಿ ಓರೆ ಮಾಡಿದರು. ಹೊರಗೆ ಹಾಕಿದಾಗ ಅಪ್ಪನ ಮುಖ ಒಲೆಯ ಬೂದಿಯ ಬಣ್ಣಕ್ಕಿತ್ತು, ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಎದೆ ಆಡುತ್ತಿರಲಿಲ್ಲ. ಚಾಚಾ ಅವನನ್ನು ಬೋರಲು ಮಾಡಿ ಬೆನ್ನು ಒತ್ತಿದರು, ಹೊರಳಿಸಿ ಬಾಯಲ್ಲಿ ಊದಿದರು, ಮತ್ತೆ ಒತ್ತಿದರು. ಎಷ್ಟು ಹೊತ್ತೋ ತಿಳಿಯದು. ನಾನು ಅಪ್ಪನ ಅಂಗಾಲು ಹಿಡಿದುಕೊಂಡು ಕೂತಿದ್ದೆ. ಅಂಡಿಗೆ ಹೊತ್ತು ಬಿರಿದ ಅಂಗಾಲು. ಅದು ನನ್ನ ಕೈಯಲ್ಲಿ ಒಮ್ಮೆ ಜಗ್ಗಿತು. ಆಮೇಲೆ ಕೆಮ್ಮು ಬಂತು, ವಾಂತಿ ಬಂತು. ಅವ್ವ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು.

ಅಪ್ಪ ಕಣ್ಣು ಬಿಟ್ಟ ಮೇಲೆ ಚಾಚಾರಿಗೆ ಸಿಟ್ಟು ಬಂತು. "ಅರೆ, ಅಕಲ್ ಐತೇನ್ ನಿಮಗ? ದೀಪಾ ಬಿಡದ ಇಳದಾನ! ಏನ್ ಅವಸರ ಇತ್ತು? ಏನೈತಿ ಇದರಾಗ?"

ಆಯಿ ಕಣ್ಣು ಮಿಟುಕಿಸದೆ, "ಜ್ವಾಳ" ಎಂದಳು.

"ಇಪ್ಪತ್ತು ವರ್ಷದ ಜ್ವಾಳಾ? ಯಾರಿಗೆ ರೊಟ್ಟಿ ಬಡ್ಯಾಕ, ದೆವ್ವಕ್ಕೇನು?"

ಚಾಚಾ ಆಯಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಮತ್ತೆ ಕೇಳಲಿಲ್ಲ. ಜತೆಗೆ ಬಂದ ಇಬ್ಬರಿಗೆ, "ನಡೀರಿ, ನಡೀರಿ, ಹಳೀ ಜ್ವಾಳ, ನೋಡೋದೇನೈತಿ" ಎಂದು ಹೊರಗೆ ಕಳಿಸಿದರು. ಡಾಕ್ಟರನ್ನು ತಾವೇ ಕರೆತಂದರು.

ಸಂಜೆಗೆ ಅಪ್ಪ ಗೋಡೆಗೊರಗಿ ಕೂತು ಗಂಜಿ ಕುಡಿದ. ಮಾತಾಡಿದರೆ ಗಂಟಲಲ್ಲಿ ಸಿಳ್ಳೆ ಬರುತ್ತಿತ್ತು. "ನಾಳೆ ಮುಂಜಾನಿ ಮತ್ತ ನೋಡ್ತೀನಿ. ದೀಪಾ ಬಿಟ್ಟು ಇಳೀತೀನಿ" ಎಂದ.

ಆಯಿ ಎದ್ದಳು. ಅರವತ್ತು ವರ್ಷ ಆ ಬಂದೂಕಿನ ಗುಟ್ಟನ್ನು ಬಾಯಲ್ಲಿಟ್ಟುಕೊಂಡು ಕಾದವಳು, ಒಬ್ಬಳೇ ಚಪ್ಪಡಿಗೆ ಕೈ ಹಾಕಿ ಎಳೆಯತೊಡಗಿದಳು. ಅವ್ವ ಬಂದು ಇನ್ನೊಂದು ಕಡೆ ಹಿಡಿದಳು. ಮಣ್ಣು ಮೆತ್ತಿ, ಮೇಲೆ ಒಲೆ ಕೂಡಿಸಿ, ಆಯಿ ಬೆಂಕಿ ಹಚ್ಚಿದಳು. "ನನ ಮಗಾ ಮ್ಯಾಲ ಅದಾನ. ಕೆಳಗ ಏನರ ಇರವಲ್ದ್ಯಾಕ" ಎಂದಳು.

ಆದರೆ ಸಾಹೇಬರು ಬರುವುದು ನಿಲ್ಲಲಿಲ್ಲವಲ್ಲ. ಏನು ಹೇಳಬೇಕೆಂದು ಯಾರೂ ನನಗೆ ಹೇಳಿಕೊಡಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆಯಾಗಿತ್ತು. ಹೊಡೆದಿದ್ದರೆ ಸಹಿಸುತ್ತಿದ್ದೆ.

ಮರುದಿನ ಹನ್ನೊಂದಕ್ಕೆ ಅವರು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಕೈಯಲ್ಲಿ ನೋಟ್‌ಬುಕ್ಕು; ಪೊಲೀಸರ ಸುಳಿವೇ ಇಲ್ಲ. ಹಿಂದೆ ಮೇಡಂ, ಕ್ಯಾಮೆರಾದವ. ಅಪ್ಪ ಹಣೆಯ ಮೇಲಿನ ಪಟ್ಟಿ ಕಾಣದ ಹಾಗೆ ರುಮಾಲು ಸುತ್ತಿಕೊಂಡಿದ್ದ. ಸಾಹೇಬರು ನನ್ನ ನಾಲ್ಕು ಹಾಳೆಗಳನ್ನು ತೆಗೆದು, "ಭಾಳ ಚಂದ ಬರದಿ ಮಗಳ. ತೋರಸ್ತಿಯೇನು?" ಎಂದರು. ಎಷ್ಟು ಮೆತ್ತಗೆ ಕೇಳಿದರೆಂದರೆ ನನಗೆ ಅಳು ಬಂತು.

"ಇಲ್ರಿ ಸರ್. ಅದು ನಾ ಕಟ್ಟಿ ಬರದದ್ದು. ಬಂದೂಕು ಇಲ್ಲ."

ಮೇಡಂ ಮುಖ ಕೆಂಪಾಯಿತು. "ಹಗೇವು?" ಎಂದರು ಸಾಹೇಬರು.

"ಹಗೇವೂ ಇಲ್ರಿ." ಉರಿಯುವ ಒಲೆಯಿಂದ ಮೂರು ಹೆಜ್ಜೆ ದೂರದಲ್ಲಿ ನಿಂತು ಹೇಳಿದೆ.

ಸಾಹೇಬರು ಚಹಾ ಕುಡಿದು ಎದ್ದರು. ಹೋಗುವಾಗ, "ಇದ್ದಿದ್ರ ಮ್ಯೂಸಿಯಂದಾಗ ನಿಮ್ಮ ಮನೆತನದ ಹೆಸರು ಬರದು ಇಡ್ತಿದ್ವಿ. ನಿಮಗೊಂದು ರಸೀದಿ ಕೊಡ್ತಿದ್ವಿ" ಎಂದು ಅಪ್ಪನಿಗೆ ಹೇಳಿದರು. ಒಳಗೆ ಆಯಿಯ ಕೈಯಿಂದ ಚೆಂಬು ಬಿತ್ತು. ಅವರು ಓಣಿ ದಾಟಿದ ಮೇಲೆ ಹೊರಬಂದು, "ಕೇಳಿದಿಯೇನು? ಹೆಸರು ಬರೀತಾರಂತ, ಚೀಟಿ ಕೊಡ್ತಾರಂತ" ಎಂದಳು. ಆ ಮನುಷ್ಯ ಒಳ್ಳೆಯವರೇ ಇದ್ದಿರಬೇಕು ಎಂದು ನನಗೀಗ ಅನ್ನಿಸುತ್ತದೆ. ಆವತ್ತು ನಾನು ಆಯಿಯ ಮಾತನ್ನೇ ನಂಬಿದೆ.

ಬಹುಮಾನ ಬೇರೆಯವರಿಗೆ ಹೋಯಿತು. ಪ್ರಾರ್ಥನೆಯಲ್ಲಿ ನಿಲ್ಲಿಸಿ ಸುಳ್ಳು ಬರೆದದ್ದಕ್ಕೆ ಕ್ಷಮೆ ಕೇಳಿಸಿದರು. ಹತ್ತನೆಯ ತರಗತಿ ಮುಗಿಯುವವರೆಗೂ ನನ್ನ ಹೆಸರು "ಬಂದೂಕ್ ಬಾಯಿ". ನಾನು ಸುಮ್ಮನೆ ಓದಿದೆ. ಪಾಸಾದೆ, ಕಾಲೇಜಿಗೆ ಹೋದೆ. ಡಿಗ್ರಿ ಕೊಡುವ ದಿನ ಅಪ್ಪ ಮೂರನೆಯ ಸಾಲಿನಲ್ಲಿ ಕೂತು ಕೆಮ್ಮುತ್ತಿದ್ದ. ಆ ಕೆಮ್ಮು ಅವನನ್ನು ಬಿಟ್ಟೇ ಇಲ್ಲ. ನಮ್ಮ ಪಠ್ಯದಲ್ಲಿ ಆಯುಧ ಕಸಿದುಕೊಂಡ ಸಂಗತಿ ಒಂದೇ ಸಾಲಿನಲ್ಲಿತ್ತು. ಪರೀಕ್ಷೆಗೆ ಅದನ್ನು ಉರುಹೊಡೆದೆ.

ಆಯಿ ತೀರಿಕೊಂಡಿದ್ದಾಳೆ. ಈ ಬರಹವನ್ನು ಹೋದ ವಾರ ಅಪ್ಪನಿಗೆ ಓದಿ ಹೇಳಿದೆ. ಅವನು ಕೊನೆಯವರೆಗೂ ಕೇಳಿದ.

"ಹಾಕಸು. ನೀ ಓದಿದಾಕಿ, ನಿನಗ ತಿಳೀತೈತಿ. ಆದ್ರ ಓಣಿ ಹೆಸರು ಹಾಕಬ್ಯಾಡ. ನನ್ನ ಹೆಸರೂ ಬ್ಯಾಡ."

ಯಾಕೆಂದು ನಾನು ಕೇಳಲಿಲ್ಲ. ಎರಡನ್ನೂ ಹಾಕಿಲ್ಲ.